ಎಣಿಕೆ ಬಂಡೆಯ ಸಂದಿಗೆ ಒಂದು ಟ್ರ್ಯಾಕ್ಟರ್

ಟ್ರ್ಯಾಕ್ಟರ್ ಮಗುಚಬಹುದಿತ್ತು. ಮಗುಚಿದಾಗ ನಮ್ಮ ವಾಚರ್ ಅದರ ಕೆಳಗಿರಬಹುದಿತ್ತು. ಹುಲ್ಲು ಕೊಚ್ಚುವ ಬ್ಲೇಡು ಕಲ್ಲಿಗೆ ತಾಗಿ, ಕಿಡಿ ಹಾರಿ, ಕಾಡನ್ನು ಬೆಂಕಿಯಿಂದ ಕಾಯಬೇಕಾದ ನಾವೇ ಕಾಡಿಗೆ ಬೆಂಕಿ ಇಟ್ಟೆವೆಂದು ಸುದ್ದಿಯಾಗಬಹುದಿತ್ತು. ಮರಿ ಹಾಕಿದ ಕರಡಿ ಇರುವ ಪೊದೆಗೇ ನೇರವಾಗಿ ನುಗ್ಗಬಹುದಿತ್ತು. ಸದ್ದಿಗೆ ಬೆದರಿದ ಕುರಿಗಳು ದಿಕ್ಕಾಪಾಲಾಗಿ ಓಡಿ ಕೊರಕಲಿಗೆ ಬೀಳಬಹುದಿತ್ತು. ಗಾಡಿ ಮಾರಿದವನು ಮೂರೇ ತಿಂಗಳಿಗೆ ಅಂಗಡಿ ಮುಚ್ಚಿಕೊಂಡು ಹೋಗಿ, ಒಂದು ಬೋಲ್ಟಿಗಾಗಿ ನಾವು ಊರೂರು ಅಲೆಯಬಹುದಿತ್ತು. ಹಾಗೆ ಅಲೆಯುವಾಗ ಗಾಡಿ ನರ್ಸರಿಯ ಹೊಂಗೆ ಮರದ ಕೆಳಗೆ ನಿಂತು, ಅದರ ಸೀಟಿನ ಮೇಲೆ ಕೋಳಿ ಮೊಟ್ಟೆಯಿಡಬಹುದಿತ್ತು. ಇಷ್ಟೆಲ್ಲ ಆದ ಮೇಲೆ ತನಿಖೆಗೆ ಬಂದವರು ಕಡತ ತೆರೆದು, 'ಇದನ್ನು ಆಯ್ಕೆ ಮಾಡಿದ ಮಹಾನುಭಾವ ಯಾರು' ಎಂದು ಕೇಳಬಹುದಿತ್ತು.

ಇದಿಷ್ಟನ್ನೂ ನಾನು ಒಂದು ಲೋಟ ಚಹಾ ಆರುವಷ್ಟರಲ್ಲಿ ಊಹಿಸಿ ಮುಗಿಸಿದ್ದೆ. ಚಹಾ ಕೊಟ್ಟವರು ನಮ್ಮ ವಲಯ ಅರಣ್ಯಾಧಿಕಾರಿ ಮೇಡಂ. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಮಾತು ಕಡಿಮೆ. ಒಂದು ಸಣ್ಣ ಟ್ರ್ಯಾಕ್ಟರಿಗೆ ಮಂಜೂರಾತಿ ಬಂದಿದೆ, ಯಾವುದು ಬೇಕೆಂದು ನೋಡಿ ಶಿಫಾರಸು ಬರೆದುಕೊಡಿ, ಎಲ್ಲ ಕೆಲಸಕ್ಕೂ ಆಗುವಂಥದ್ದಾಗಿರಲಿ ಎಂದರು. ಎಲ್ಲ ಕೆಲಸ ಅಂದರೆ ಬೆಂಕಿ ರೇಖೆಯ ಹುಲ್ಲು ಕೊಚ್ಚುವುದು, ನೀರು ಹೊರುವುದು, ದಾರಿಗೆ ಬಿದ್ದ ಮರ ಎಳೆಯುವುದು, ಮಳೆಗೆ ಕಿತ್ತುಹೋದ ಗಸ್ತು ದಾರಿಯನ್ನು ಸಮ ಮಾಡುವುದು, ಮುಂಗಾರಿನಲ್ಲಿ ಸಸಿ ಸಾಗಿಸುವುದು. ನಾನು ಉಪ ವಲಯ ಅರಣ್ಯಾಧಿಕಾರಿ. ಜೀವನದಲ್ಲಿ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕೂತದ್ದು ಬಿಟ್ಟರೆ ಬೇರೆ ಅನುಭವವಿಲ್ಲ. ಆ ಮಾತನ್ನು ಹೇಳಿದೆ. 'ಅದಕ್ಕೇ ನೀವು ಸರಿ. ಹೆದರಿಕೆ ಇದ್ದವರು ಸರಿಯಾಗಿ ನೋಡುತ್ತಾರೆ' ಎಂದರು. ಹೊಗಳಿದರೋ ಬೈದರೋ ಇವತ್ತಿಗೂ ಗೊತ್ತಾಗಿಲ್ಲ.

ಕಾಡಿನ ಕೆಲಸದವರಿಗೆ ಬೇಸಿಗೆಯ ಚಿಂತೆ ಶುರುವಾಗುವುದು ಕಾರ್ತಿಕದಲ್ಲಿ. ಹಿರೇಗುಂಟನೂರಿನ ಕಡೆಯ ನಮ್ಮ ಗುಡ್ಡಗಳಲ್ಲಿ ಕಮರ, ಜಾಲಿ, ಬಂದರಿಕೆ ಗಿಡಗಳ ನಡುವೆ ಎದೆಯೆತ್ತರ ಹುಲ್ಲು ನಿಂತು ಒಣಗುತ್ತದೆ. ಶಿವರಾತ್ರಿ ದಾಟಿ ಗಾಳಿ ಎದ್ದಮೇಲೆ ಅದಕ್ಕೆ ಒಂದು ಬೀಡಿ ತುಂಡು ಸಾಕು. ಆದ್ದರಿಂದ ಚಳಿಗಾಲದಲ್ಲೇ ಇಪ್ಪತ್ತು ಅಡಿ ಅಗಲಕ್ಕೆ ಹುಲ್ಲು ಕೊಯ್ದು, ಕೊಯ್ದದ್ದನ್ನು ನಾವೇ ಕಾವಲು ನಿಂತು ಸುಟ್ಟು, ಬೆಂಕಿ ದಾಟದಂತೆ ಬೋಳು ಪಟ್ಟಿ ಮಾಡಿಡಬೇಕು; ಬೆಂಕಿ ರೇಖೆ ಅಂದರೆ ಅದೇ. ಮೊದಲು ಇದನ್ನು ಕುಡುಗೋಲಿನ ಆಳುಗಳು ಮಾಡುತ್ತಿದ್ದರು. ಈಗ ಅದೇ ತಿಂಗಳಲ್ಲಿ ಹೊಳಲ್ಕೆರೆ ಕಡೆ ಅಡಿಕೆ ಕೊಯ್ಲು, ಸುಲಿತ. ಅಲ್ಲಿ ನೆರಳಿದೆ, ಮಧ್ಯಾಹ್ನ ಊಟವಿದೆ. ನಮ್ಮ ಮುಳ್ಳಿಗೆ ಯಾರು ಬರುತ್ತಾರೆ?

ಹಿಂದಿನ ವರ್ಷ ಆಳು ಸಿಗದೆ ಗುಡ್ಡದ ಬಡಗಣ ಭುಜದ ರೇಖೆ ಅರ್ಧಕ್ಕೇ ನಿಂತಿತ್ತು. ಅದರ ಕೆಳಗೇ ಕುರಿಗಾಹಿಗಳ ಒಂದು ಹಟ್ಟಿ. ಬೆಂಕಿ ಕೊಯ್ಯದೆ ಉಳಿದ ಆ ಅರ್ಧದೊಳಗಿಂದ ಇಳಿದು ಬಂತು. ಹಗಲು ಹೊತ್ತು, ದೊಡ್ಡ ಕುರಿಗಳು ಮೇಯಲು ಹೋಗಿದ್ದವು, ಎಳೆ ಮರಿಗಳು ಮುಳ್ಳುಬೇಲಿಯ ರೊಪ್ಪದಲ್ಲಿದ್ದವು. ಬೇಲಿಗೇ ಬೆಂಕಿ ಹಿಡಿಯಿತು. ಹನ್ನೊಂದು ಮರಿ ಹೋದವು. ಆ ಹಟ್ಟಿಗೆ ಹಿರಿಯರಾದ ಒಬ್ಬ ಹೆಂಗಸು, ಅರವತ್ತು ದಾಟಿದವರು, ಈ ಕಾರ್ತಿಕದಲ್ಲಿ ಕಚೇರಿಗೆ ಬಂದು ಮೇಡಂ ಮುಂದೆ ನಿಂತು ಕೂಗಾಡದೆ ಹೇಳಿದ್ದರು: 'ಮಾಘದಾಗೆ ಮರಿ ಹಾಕ್ತಾವೆ. ಅಷ್ಟ್ರಾಗೆ ಆ ಗೆರೆ ಆಗ್ಲಿಲ್ಲ ಅಂದ್ರೆ ನಾವು ಹಟ್ಟಿ ಕಿತ್ಕಂಡು ಹೋಗ್ತೀವಿ. ನಮ್ಮ ಅಜ್ಜಂದಿರ ಜಾಗ ಅದು. ಅಷ್ಟು ಹೇಳಾಣ ಅಂತ ಬಂದೆ.' ಟ್ರ್ಯಾಕ್ಟರ್ ಬೇಕಾಗಿದ್ದು ಹೀಗೆ. ಉಳಿದ ಕೆಲಸಗಳೆಲ್ಲ ಕಡತಕ್ಕೆ. ಆ ಭುಜ ಮಾತ್ರ ನಿಜಕ್ಕೆ.

ನೋಡಲು ಹೊರಟಾಗ ನನ್ನ ವಾಚರನ್ನು ಜೊತೆಗೆ ಕರೆದುಕೊಂಡೆ. ಹೊಸದುರ್ಗದ ಕಡೆಯವನು, ಇಲಾಖೆಗೆ ಬರುವ ಮುಂಚೆ ಹತ್ತು ವರ್ಷ ಬಾಡಿಗೆ ಟ್ರ್ಯಾಕ್ಟರ್ ಓಡಿಸಿದವನು. ಗಾಡಿ ಓಡಿಸಬೇಕಾದವನೂ ಅವನೇ. ಮೊದಲು ಹಿರಿಯೂರಿನ ಒಬ್ಬ ಮಾರಾಟಗಾರರ ಕಡೆ ಹೋದೆವು. ಎರೆಹೊಲದಲ್ಲಿ ಗಾಡಿ ಓಡಿಸಿ ತೋರಿಸಿದರು. ನಲವತ್ತಕ್ಕೂ ಹೆಚ್ಚು ಅಶ್ವಶಕ್ತಿ, ನೋಡಲು ಮದುವೆ ಗಂಡಿನ ಹಾಗಿತ್ತು. ಗುಡ್ಡ ಹತ್ತುತ್ತದೆಯೇ ಎಂದು ಕೇಳಿದೆ. ತೋರಿಸಲು ಬಂದಿದ್ದ ಹುಡುಗು ಮುಖದ ಮನುಷ್ಯ ಹೊಲದ ಬದುವಿನ ಮೇಲೆ ಒಮ್ಮೆ ಹತ್ತಿಸಿ ಇಳಿಸಿ, ನೋಡಿದ್ರಾ ಸಾರ್ ಎಂದು ನಕ್ಕ. ವಾಚರ್ ಹಿಂದಿನ ಟೈರನ್ನು ಒಂದು ಸಲ ಒದ್ದ. ಅವನು ಒದ್ದರೆ ಒಪ್ಪಿಗೆಯಿಲ್ಲ ಎಂದು ನನಗೆ ಆಮೇಲೆ ತಿಳಿಯಿತು.

ಎರಡನೆಯದನ್ನು ಹೊಳಲ್ಕೆರೆಯ ಹತ್ತಿರದ ತೋಟವೊಂದರಲ್ಲಿ ನೋಡಿದೆವು. ಅಡಿಕೆ ಸಾಲುಗಳ ನಡುವೆ ಹೋಗಲೆಂದೇ ಮಾಡಿದ ಕಿರಿದಾದ ಗಾಡಿ. ಹದಿನೆಂಟು ಅಶ್ವಶಕ್ತಿ, ಹಗುರ, ನಿಂತಲ್ಲೇ ತಿರುಗುತ್ತದೆ. ಅದರ ಮೇಲೆ ನನಗೆ ಪ್ರೀತಿಯೇ ಹುಟ್ಟಿತು. ಮಗುಚಿದರೂ ನಾಲ್ಕು ಜನ ಎತ್ತಿ ನಿಲ್ಲಿಸಬಹುದು ಅನ್ನಿಸುವಂತಿತ್ತು. ಅಂಜುಬುರುಕನಿಗೆ ಇದಕ್ಕಿಂತ ಇನ್ನೇನು ಬೇಕು. ಅವತ್ತು ರಾತ್ರಿಯೇ ಶಿಫಾರಸಿನ ಮೊದಲ ಕರಡು ಬರೆದೆ. ಬೆಳಿಗ್ಗೆ ವಾಚರ್ ಅದನ್ನು ಓದಿ ಮಡಿಚಿಟ್ಟು, ತೋಟ ಮಟ್ಟಸ, ನಮ್ಮ ಗುಡ್ಡ ಮಟ್ಟಸ ಅಲ್ಲ, ಕಾಗದ ಬರೆಯೋ ಮುಂಚೆ ಮೂರೂ ಕಡೆಯವರನ್ನು ಅಲ್ಲಿಗೇ ಬರಹೇಳಿ ಎಂದ. ಮೂರನೆಯದೊಂದು ಇದೆ ಎಂದು ಆಗ ಅವನೇ ಹೇಳಿದ: ಎರಡರ ನಡುವಿನದು, ಇಪ್ಪತ್ತೇಳು ಅಶ್ವಶಕ್ತಿ, ನಾಲ್ಕೂ ಚಕ್ರಕ್ಕೆ ಎಳೆತ.

ಮಾರುವವರು ಗುಡ್ಡಕ್ಕೆ ಬರಲು ಒಪ್ಪಲಿಲ್ಲ. ಪ್ರದರ್ಶನ ಅಂದರೆ ಹೊಲದಲ್ಲಿ, ಸಾರ್, ಬಣ್ಣ ಹೋದರೆ ಯಾರು ಹೊಣೆ ಎಂದರು. ಫೋನಿನಲ್ಲಿ ನಾನು ಹೇಳಬೇಕಾದ ಗಟ್ಟಿ ಮಾತನ್ನು ಚೀಟಿಯಲ್ಲಿ ಬರೆದುಕೊಂಡು ಓದಿದೆ: ಗುಡ್ಡಕ್ಕೆ ಬಾರದ ಗಾಡಿಯ ಹೆಸರನ್ನು ಶಿಫಾರಸಿನಲ್ಲಿ ಬರೆಯುವುದಿಲ್ಲ. ಮೂವರೂ ಬಂದರು. ಚೀಟಿಯಿಂದ ಓದಿದ್ದು ಗೊತ್ತಾಗಲಿಲ್ಲ.

ಭುಜಕ್ಕೆ ಹತ್ತುವ ದಾರಿ ಒಂದೇ. ಅದು ಹಟ್ಟಿಯ ಪಕ್ಕದಿಂದ ಎದ್ದು ಎರಡು ದೊಡ್ಡ ಬಂಡೆಗಳ ನಡುವಿನ ಸಂದಿಯಲ್ಲಿ ನುಸುಳಿ ಮೇಲೆ ಹೋಗುತ್ತದೆ. ನಾನು ಹಿಂದಿನ ದಿನವೇ ಟೇಪು ಹಿಡಿದು ಆ ಸಂದಿಯನ್ನು ಮೂರು ಸಲ ಅಳೆದಿದ್ದೆ. ನಾಲ್ಕು ಅಡಿ ಐದು ಇಂಚು. ಪುಸ್ತಕದಲ್ಲಿ ಬರೆದು ಕೆಳಗೆ ಗೆರೆಯನ್ನೂ ಎಳೆದಿದ್ದೆ.

ಮೊದಲು ಹಿರಿಯೂರಿನ ಮದುವೆ ಗಂಡು ಬಂತು. ಸಂದಿಗೆ ಮೂತಿ ಇಟ್ಟು ನಿಂತಿತು; ಅದರ ಅಗಲ ಆರು ಅಡಿಯ ಹತ್ತಿರ. ತಂದವನು ಇಳಿದು ಬಂಡೆಯನ್ನು ತಟ್ಟಿ ನೋಡಿ, ಈ ಎಡಗಡೆಯದನ್ನು ಎರಡು ಅಡಿ ಒಡೆಸಿಬಿಟ್ಟರೆ ದಾರಿ ಸಲೀಸು, ನಾಳೆ ಜೀಪೂ ಬರುತ್ತದೆ, ಕಲ್ಲು ಒಡೆಯುವವರು ನನಗೆ ಗೊತ್ತು ಎಂದ. ನಿಜ ಹೇಳುತ್ತೇನೆ, ಆ ಮಾತು ನನಗೆ ಬಹಳ ಹಿಡಿಸಿತು. ದೊಡ್ಡ ಗಾಡಿ ಅಂದರೆ ಮುಂದೆ ಯಾರೂ 'ಶಕ್ತಿ ಸಾಲದು' ಎನ್ನುವುದಿಲ್ಲ. ಬಂಡೆ ತೆರವಿಗೆ ಪ್ರತ್ಯೇಕ ಕಡತ ಎಂದು ಮನಸ್ಸಿನಲ್ಲೇ ಒಕ್ಕಣೆ ಶುರುವಾಗಿತ್ತು.

ಹಟ್ಟಿಯ ಹಿರಿಯಮ್ಮ ಅಷ್ಟು ಹೊತ್ತೂ ಕೋಲು ಊರಿಕೊಂಡು ನೋಡುತ್ತಿದ್ದವರು ನನ್ನ ಹತ್ತಿರ ಬಂದರು.

'ಇದನ್ನ ಒಡೀತೀರಾ ಸಾಯೇಬ್ರೆ?'

ಯೋಚನೆ ಮಾಡುತ್ತಿದ್ದೇವೆ ಅಮ್ಮ ಎಂದೆ.

'ಇದು ಎಣಿಕೆ ಬಂಡೆ. ಸಂಜಿಗೆ ಕುರಿ ಇಳಿಯೋವಾಗ ಇದ್ರಾಗೆ ಜೋಡಿ ಜೋಡಿನೇ ಬರ್ಬೇಕು. ನಾನು ಇಲ್ಲಿ ನಿಂತು ಎಣಿಸ್ತೀನಿ. ನಮ್ಮತ್ತಿ ಎಣಿಸ್ತಿದ್ಲು. ಇದು ಅಗಲ ಆತು ಅಂದ್ರೆ ಕುರಿ ಗುಂಪು ಬರ್ತಾವೆ, ಒಂದು ಗುಡ್ಡದಾಗೇ ಉಳಿದ್ರೂ ಗೊತ್ತಾಗಾಕಿಲ್ಲ. ಬೆಂಕಿಗೆ ಹೋಗೋದನ್ನ ತಪ್ಪಿಸಾಕೆ ಬಂದು ಚಿರತೆಗೆ ಕೊಟ್ಟು ಹೋಗ್ತೀರಾ?'

ಹೋಗಲಿ, ಕಿರಿದಾದ ಗಾಡಿಗಂತೂ ನಾಲ್ಕು ಅಡಿ ಐದು ಇಂಚು ಬೇಕಾದಷ್ಟಾಯಿತು ಎಂದು ಪುಸ್ತಕ ತೆರೆದು ಸಮಾಧಾನ ಹೇಳಿದೆ. ಅವರು ಎಲ್ಲಿ ಅಳೆದಿರಿ ಎಂದು ಕೇಳಿದರು. ನೆಲದ ಮೇಲೆ ತೋರಿಸಿದೆ. ಅವರು ನಗಲಿಲ್ಲ, ಅದೇ ಹೆಚ್ಚು.

'ಕಾಲು ಅಳೆದ್ರೆ ಏನು ಬಂತು? ಗಬ್ಬದ ಕುರಿ ಜೋಡಿ ಬಂದ್ರೆ ಸಿಗಹಾಕ್ಕಳ್ಳೋದು ಹೊಟ್ಟೆತಾವ.'

ಕೋಲನ್ನು ಅಡ್ಡ ಹಿಡಿದು ತೋರಿಸಿದರು. ಮೊಣಕಾಲಿನ ಮೇಲಿಂದ ಸೊಂಟದವರೆಗೆ ಬಂಡೆ ಒಳಗೆ ಉಬ್ಬಿಕೊಂಡಿದೆ. ಟೇಪು ಹಿಡಿದೆ: ನಾಲ್ಕು ಅಡಿ ಒಂದು ಇಂಚು. ಟ್ರ್ಯಾಕ್ಟರಿನ ಮಡ್‌ಗಾರ್ಡ್ ಬರುವುದೂ ಸರಿಯಾಗಿ ಆ ಮಟ್ಟಕ್ಕೇ. ಮೂರು ಸಲ ಅಳೆದವನು ಮೂರು ಸಲವೂ ಬಗ್ಗಿಯೇ ಅಳೆದಿದ್ದೆ.

ಕಿರಿದಾದ ಗಾಡಿ ಆ ಸಂದಿಯಲ್ಲಿ ಬೆಣ್ಣೆಯಲ್ಲಿ ಕೂದಲು ಎಳೆದಂತೆ ಹೋಯಿತು. ಹಿಂದೆ ಸಾವಿರ ಲೀಟರಿನ ತೊಟ್ಟಿ ಕೂರಿಸಿದ ಸಣ್ಣ ಟ್ರೈಲರ್ ಕಟ್ಟಿದ್ದೆವು. ಹೊಲದಲ್ಲಿ ಖಾಲಿ ಟ್ರೈಲರ್ ತೋರಿಸುತ್ತಾರೆ. ನಾನು ಅಂಚಿನವರೆಗೆ ನೀರು ತುಂಬಿಸಿದ್ದೆ. ಹತ್ತುವಾಗ ಏದುಸಿರು ಬಿಟ್ಟರೂ ಹತ್ತಿತು. ತೊಂದರೆ ಇದ್ದದ್ದು ಇಳಿಯುವಾಗ. ವಾಚರ್ ಮೊದಲನೇ ಗೇರಿನಲ್ಲೇ ಇಳಿಸುತ್ತಿದ್ದ. ಅರ್ಧ ದಾರಿಯಲ್ಲಿ ಗಾಡಿಗಿಂತ ಭಾರವಾದ ನೀರು ಹಿಂದಿನಿಂದ ಒತ್ತತೊಡಗಿತು. ಟೈರು ತಿರುಗುತ್ತಿಲ್ಲ, ಗಾಡಿ ಮಾತ್ರ ಜಾರುತ್ತಿದೆ. ಮಂಜಿಗೆ ಒದ್ದೆಯಾದ ನೊರಜು ಕಲ್ಲಿನ ಮೇಲೆ ಕರ್ ಕರ್ ಸದ್ದು. ಟ್ರೈಲರ್ ಓರೆಯಾಗಿ ಗಾಡಿಯನ್ನು ಪಕ್ಕಕ್ಕೆ ಮಡಿಚಲು ನೋಡಿತು. ವಾಚರ್ ಬ್ರೇಕ್ ಬಿಟ್ಟು, ಸ್ಟೇರಿಂಗನ್ನು ಮೇಲ್ಬದಿಗೆ ತಿರುಗಿಸಿ, ಮೂತಿಯನ್ನು ಮಣ್ಣಿನ ದರೆಗೆ ಗುದ್ದಿಸಿ ನಿಲ್ಲಿಸಿದ. ಇಳಿದು ಬಂದು ಕೈ ಒರೆಸಿಕೊಂಡ.

'ಸಾರ್, ಇದು ಎತ್ತಲ್ಲ, ಕರ. ನೊಗ ಹೇರಿದ್ರೆ ಬಂಡಿನೇ ಇದನ್ನ ಹೊಡ್ಕಂಡು ಹೋಗ್ತೈತೆ.'

ಮೂರನೆಯ ಗಾಡಿಯನ್ನು ಅವತ್ತು ಹತ್ತಿಸಿ ನೋಡಲಾಗಲಿಲ್ಲ. ಅದರ ಅಗಲ ನಾಲ್ಕು ಅಡಿ ನಾಲ್ಕು ಇಂಚು. ಸಂದಿಯ ಮುಂದೆ ನಿಲ್ಲಿಸಿ, ಇದೂ ಆಗಲ್ಲ ಎಂದು ವಾಪಸ್ ಕಳಿಸಿದೆ. ಒಂದು ಹಾದುಹೋಗುವುದಿಲ್ಲ, ಒಂದು ತಡೆಯುವುದಿಲ್ಲ, ಒಂದು ಮೂರು ಇಂಚು ಹೆಚ್ಚು. ಮಾರ್ಗಶಿರ ಮುಗಿಯುತ್ತ ಬಂದಿತ್ತು. ಮೇಡಂ ಸೋಮವಾರದೊಳಗೆ ಕಾಗದ ಬೇಕು, ಇಲ್ಲವಾದರೆ ಮಂಜೂರಾತಿ ವಾಪಸ್ ಹೋಗುತ್ತದೆ ಎಂದರು. ಹಾಗೆ ನೋಡಿದರೆ ದೊಡ್ಡ ಗಾಡಿ ಬರೆಯುವುದೇ ನನಗೆ ಸುರಕ್ಷಿತ. ಸಂದಿಯಲ್ಲಿ ಹೋಗದಿದ್ದರೆ ತಪ್ಪು ಬಂಡೆಯದು, ನನ್ನದಲ್ಲ.

ಶನಿವಾರ, ಭಾನುವಾರ ಎರಡು ದಿನ ಒಂದೇ ಹಾಳೆ ಮುಂದಿಟ್ಟುಕೊಂಡು ಕೂತೆ. ಹೆಂಡತಿ, ಹೆಣ್ಣು ನೋಡಾಕೆ ಹೋದಾಗ್ಲೂ ಇಷ್ಟು ಯೋಚನೆ ಮಾಡಿರ್ಲಿಲ್ಲ ನೀವು ಎಂದಳು. ಭಾನುವಾರ ಮಧ್ಯಾಹ್ನ ಹೊಳೆದದ್ದು ಇಷ್ಟೇ: ನಾನು ಗಾಡಿಯನ್ನು ಅದು ಹೊರಬಲ್ಲ ಅತಿ ಹೆಚ್ಚಿನ ಭಾರಕ್ಕೆ ಆರಿಸುತ್ತಿದ್ದೆ. ಆ ಭುಜದ ಮೇಲೆ ಸಾವಿರ ಲೀಟರ್ ನೀರು ಯಾಕೆ ಬೇಕು? ಕಾಳ್ಗಿಚ್ಚನ್ನು ತೊಟ್ಟಿ ನೀರಿನಿಂದ ಯಾರೂ ಆರಿಸುವುದಿಲ್ಲ. ರೇಖೆಯ ಹುಲ್ಲು ಸುಡುವಾಗ ಅಂಚು ಒದ್ದೆ ಮಾಡಲು, ದಾಟಿದ ಕಿಡಿಯನ್ನು ನಂದಿಸಲು ಐನೂರು ಲೀಟರ್ ಸಾಕು. ಮುಗಿದರೆ ಇಳಿದು ತುಂಬಿಕೊಂಡು ಬರುವುದು. ಕಡಿಮೆ ಮಾಡಬೇಕಾದದ್ದು ಭಾರವನ್ನು. ಆದರೂ ಅರ್ಧ ತೊಟ್ಟಿಗೂ ಆ ಕರುವನ್ನು ನಂಬುವಂತಿರಲಿಲ್ಲ, ನಾಲ್ಕೂ ಚಕ್ರದ ಎಳೆತವಿರುವ ನಡುವಿನದಾದರೆ ತಡೆದೀತು. ವಾಚರಿಗೆ ಫೋನ್ ಮಾಡಿ, ನಡುವಿನ ಗಾಡಿಯ ಚಕ್ರವನ್ನು ಒಳಗೆ ತರಲು ಆಗುತ್ತದೆಯೇ ಎಂದು ಕೇಳಿದೆ. ರಿಮ್ಮನ್ನು ಬಿಚ್ಚಿ ಮಗ್ಗುಲು ಬದಲಿಸಿ ಹಾಕಿದರೆ ಒಂದೊಂದು ಕಡೆಯೂ ಎರಡೂವರೆ, ಮೂರು ಇಂಚು ಒಳಗೆ ಬರುತ್ತದೆ, ಮಡ್‌ಗಾರ್ಡನ್ನೂ ಅಷ್ಟು ಸರಿಸಬಹುದು ಎಂದ. ಮತ್ತೆ ಮೊನ್ನೆ ಯಾಕಪ್ಪ ಹೇಳಲಿಲ್ಲ ಎಂದರೆ, 'ನೀವು ಕೇಳ್ಲಿಲ್ಲ ಸಾರ್. ವಾಪಸ್ ಕಳಿಸ್ರಿ ಅಂದ್ರಿ, ಕಳಿಸ್ದೆ.'

ಸೋಮವಾರ ಬೆಳಿಗ್ಗೆ ಆರಕ್ಕೇ ಚಕ್ರ ಬದಲಿಸಿದ ಗಾಡಿ ಬಂಡೆಯ ಮುಂದಿತ್ತು. ಮೂರು ಅಡಿ ಹನ್ನೊಂದು ಇಂಚು. ವಾಚರ್ ಸಂದಿಯೊಳಗೆ ಬಿಟ್ಟಾಗ ಎರಡೂ ಕಡೆ ಒಂದೊಂದು ಬೆರಳು ಉಳಿಯಿತು. ಹಿರಿಯಮ್ಮ ಮಡ್‌ಗಾರ್ಡಿಗೂ ಬಂಡೆಗೂ ನಡುವೆ ಕೋಲು ತೂರಿಸಿ ನೋಡಿ ತಲೆಯಾಡಿಸಿದರು. ಅರ್ಧ ತೊಟ್ಟಿ ನೀರಿನೊಂದಿಗೆ ಹತ್ತಿತು, ಇಳಿಯಿತು, ಅರ್ಧ ಇಳಿಜಾರಿನಲ್ಲಿ ನಿಲ್ಲು ಅಂದರೆ ನಿಂತಿತು. ಅಗಲ ಕಡಿಮೆಯಾದರೆ ಮಗುಚುವ ಭಯ ಹೆಚ್ಚು, ಆದ್ದರಿಂದ ಮುಂದಿನ ಚಕ್ರಗಳಿಗೆ ತೂಕದ ಬಿಲ್ಲೆ ಹಾಕಿಸಿ, ಅಡ್ಡ ಇಳಿಜಾರಿನಲ್ಲಿ ಓಡಿಸಕೂಡದು, ನೇರ ಹತ್ತಿ ನೇರ ಇಳಿಯಬೇಕು ಎಂದು ಶಿಫಾರಸಿನಲ್ಲೇ ನಿಯಮ ಬರೆದೆ. ಮೇಡಂ ಓದಿದರು. ನಡುವಿನದನ್ನು ಯಾಕೆ, ದೊಡ್ಡದು ಯಾಕಲ್ಲ ಎಂದು ಮೇಲಿನವರು ಕೇಳಿದರೆ ಏನನ್ನಲಿ ಎಂದರು. ಕುರಿ ಎಣಿಸಲು ಜಾಗ ಬೇಕು ಅನ್ನಿ ಎಂದೆ. ಅವರು ಹಾಗೆಯೇ ಬರೆಯಲಿಲ್ಲ, ಆದರೆ ಸಹಿ ಮಾಡಿದರು.

ಗಾಡಿ ಪುಷ್ಯದಲ್ಲಿ ಕೈಗೆ ಬಂತು. ಕಿಡಿಯ ಚಿಂತೆಗೆ ವಾಚರ್ ದಾರಿ ಕಂಡುಕೊಂಡಿದ್ದ. ಹುಲ್ಲು ಕೊಚ್ಚುವುದು ಬೆಳಿಗ್ಗೆ ಆರೂವರೆಯಿಂದ ಒಂಬತ್ತರವರೆಗೆ ಮಾತ್ರ, ಇಬ್ಬನಿಗೆ ಹುಲ್ಲು ನೆನೆದಿರುವಾಗ. ಹಿಂದಿನ ಸಂಜೆ ನಾವು ಇಬ್ಬರು ನಡೆದು ಸಡಿಲ ಕಲ್ಲುಗಳನ್ನು ಆಯ್ದು, ನೆಲದಲ್ಲಿ ಹೂತಿರುವ ಕಲ್ಲುಗಳಿಗೆ ಸುಣ್ಣ ಬಳಿಯುತ್ತಿದ್ದೆವು. ಬೆಳಿಗ್ಗೆ ನಾನು ಬೆನ್ನಿಗೆ ನೀರಿನ ಪಂಪು ಕಟ್ಟಿಕೊಂಡು ಗಾಡಿಯ ಹಿಂದೆ. ಬ್ಲೇಡು ಎರಡು ಸಲ ಕಲ್ಲಿಗೆ ತಾಗಿ ಕಿಡಿ ಹಾರಿತು. ಎರಡು ಸಲವೂ ಮಂಜಿನಲ್ಲೇ ಸತ್ತಿತು, ಆದರೂ ನಾನು ಅಲ್ಲಿ ಕೆಸರಾಗುವಷ್ಟು ನೀರು ಹೊಡೆದೆ. ಚಳಿಗೆ ಬೆರಳು ಸೆಟೆಯುತ್ತಿದ್ದವು. ಹದಿನಾಲ್ಕು ಬೆಳಗಿನಲ್ಲಿ ಕೊಚ್ಚುವುದು ಮುಗಿಯಿತು, ಒಣಗಿದ್ದನ್ನು ಸುಡಲು ಇನ್ನೂ ಆರು ದಿನ. ಮಾಘದ ಮೊದಲ ಮರಿ ಹುಟ್ಟುವ ಹೊತ್ತಿಗೆ ಹಟ್ಟಿಯ ಮೇಲೆ ಇಪ್ಪತ್ತು ಅಡಿಯ ಕರಿ ಪಟ್ಟಿ ಉದ್ದಕ್ಕೂ ಬಿದ್ದಿತ್ತು.

ಬೆಂಕಿ ಬಂದದ್ದು ಶಿವರಾತ್ರಿ ಕಳೆದು ಐದನೇ ದಿನ, ಮಧ್ಯಾಹ್ನ ಒಂದು ಗಂಟೆಗೆ, ಗುಡ್ಡದ ಆಚೆ ಮಗ್ಗುಲಿನಿಂದ. ಗಾಳಿ ನೇರ ನಮ್ಮ ಕಡೆಗೆ. ರೊಪ್ಪದಲ್ಲಿ ಮೂವತ್ತಕ್ಕೂ ಹೆಚ್ಚು ಮರಿಗಳಿದ್ದವು. ಇನ್ನಿಬ್ಬರು ವಾಚರ್‌ಗಳು ಹಸಿ ಸೊಪ್ಪು ಹಿಡಿದು ಮೊದಲೇ ಭುಜಕ್ಕೆ ಓಡಿದ್ದರು. ನಾವು ಐನೂರು ಲೀಟರ್ ತುಂಬಿಕೊಂಡು ಹೊರಟೆವು. ವಾಚರ್ ಗಾಡಿಯ ಮೇಲೆ, ನಾನು ಪಕ್ಕದಲ್ಲಿ ಓಡುತ್ತ. ಬಂಡೆಗೆ ಇನ್ನು ಇಪ್ಪತ್ತು ಮಾರು ಇದೆ ಎನ್ನುವಾಗ ಅವನು ಗಾಡಿ ನಿಲ್ಲಿಸಿದ. ಕಾವಿನ ಮುಳ್ಳು ಕೆಂಪಿನ ತುದಿಗೆ ಹೋಗಿತ್ತು. ಬಾನೆಟ್ಟಿನಿಂದ ಬಿಸಿ ಎಣ್ಣೆಯ ವಾಸನೆ.

ಮೇಲೆ ಹೊಗೆ ಸೂರ್ಯನನ್ನು ಮುಚ್ಚಿತ್ತು. ಎಂಜಿನ್ನೇ ಹೋಯಿತು, ಇದರ ಹೆಡ್ಡೇ ಬಿರುಕು ಬಿಟ್ಟಿತು, ಚಕ್ರ ಒಳಗೆ ತರಿಸಿದ್ದಕ್ಕೇ ಹೀಗಾಯಿತು ಎಂದು ನನ್ನ ತಲೆ ಓಡಿತು. ಚಕ್ರಕ್ಕೂ ಕಾವಿಗೂ ಏನು ಸಂಬಂಧ ಎಂದು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಪಂಪು ಬೆನ್ನಿಗೆ ಕಟ್ಟಿಕೊಂಡು ನಡೆದೇ ಹತ್ತಿದೆ. ಭುಜ ತಲುಪಿದಾಗ ಬೆಂಕಿ ರೇಖೆಯ ಆಚೆ ಅಂಚಿನಲ್ಲಿ ಆಳೆತ್ತರ ನಿಂತಿತ್ತು. ಉರಿ ನಮ್ಮ ಕಡೆ ಬಾಗಿ ಮುಖ ಸುಟ್ಟಿತು. ಆದರೆ ತಿನ್ನಲು ಏನೂ ಇರಲಿಲ್ಲ. ಏಳೆಂಟು ಕಡೆ ಕಿಡಿ ದಾಟಿತು. ಸೊಪ್ಪಿನಿಂದ ಬಡಿದೆವು, ನಾನು ಪಂಪು ಒತ್ತಿದೆ. ಮುಕ್ಕಾಲು ಗಂಟೆಯಲ್ಲಿ ಅದು ಅಂಚಿನುದ್ದಕ್ಕೂ ಕುಸಿದು, ಬೂದಿಯಾಗಿ, ಹೊಗೆಯಾಡುತ್ತ ಕೂತಿತು. ಒಂದು ಎಳೆಯೂ ಕೆಳಗಿಳಿಯಲಿಲ್ಲ.

ನಾನು ಇಳಿದು ಬಂದಾಗ ವಾಚರ್ ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಹಿರಿಯಮ್ಮ ಒಂದು ಎಳೆ ಮರಿಯನ್ನು ಕಂಕುಳಲ್ಲಿ ಇರುಕಿಕೊಂಡು ಪಕ್ಕದಲ್ಲಿ ನಿಂತಿದ್ದರು.

'ಬೆಂಕಿ ನಿಂತೈತೆ ಸಾಯೇಬ್ರೆ. ನಿಮ್ಮ ಗಾಡಿನೂ ನಿಂತೈತೆ' ಎಂದರು.

ವಾಚರ್ ಮುಂದಿನ ಜಾಲರಿ ಬಿಚ್ಚಿ ರೇಡಿಯೇಟರಿನ ಮುಂದಿನಿಂದ ಕೈತುಂಬ ಏನನ್ನೋ ತೆಗೆದು ನೆಲಕ್ಕೆ ಹಾಕಿದ. ಒಣಗಿದ ಚೆಂಡು ಹೂವು. ಮತ್ತೆ ಕೈ ಹಾಕಿದ, ಮತ್ತೆ ಚೆಂಡು ಹೂವು. ಶಿವರಾತ್ರಿಯ ದಿನ ಗಾಡಿಗೆ ಪೂಜೆ ಮಾಡಿಸಿ ಹಾಕಿದ ಹಾರ ಅದು. ಹಾಕಿದ ಹಾರವನ್ನು ನಾವಾಗಿ ತೆಗೆಯಬಾರದು, ತಾನಾಗಿ ಬೀಳಬೇಕು ಎಂದು ಬಿಟ್ಟಿದ್ದೆವು. ಅದು ಕೆಳಗೆ ಬೀಳದೆ, ಎಸಳು ಎಸಳಾಗಿ ಪುಡಿಯಾಗಿ, ಫ್ಯಾನಿನ ಸೆಳೆತಕ್ಕೆ ಜಾಲರಿಯೊಳಗೆ ಹೋಗಿ ಗಾಳಿಯ ದಾರಿ ಮುಚ್ಚಿತ್ತು. ಮೊರದಷ್ಟು ಹೂ ಹೊರಬಂದ ಮೇಲೆ ಅವನು ಕೀಲಿ ತಿರುಗಿಸಿದ. ಗಾಡಿ ಒಂದೇ ಸಲಕ್ಕೆ ಶುರುವಾಯಿತು, ಸ್ವಲ್ಪ ಹೊತ್ತಿಗೆ ಮುಳ್ಳು ತನ್ನ ಜಾಗಕ್ಕೆ ಬಂತು.

ಹಾರವನ್ನು ಜಾಲರಿಗೆ ಕಟ್ಟಿದವರು ಯಾರೆಂದು ಅವನು ಕೇಳಲಿಲ್ಲ. ಜಾಲರಿಗೆ ಇನ್ನೂ ಅಂಟಿಕೊಂಡಿದ್ದ ದಾರವನ್ನು ಬಿಚ್ಚಲು ಹೋಗಿ, ಬಿಚ್ಚಲಾಗದೆ, ಬಗ್ಗಿ ನೋಡಿದ. ಒಂದು ಸಾಲದೆಂದು ಒಂದರ ಮೇಲೊಂದು ಹಾಕಿದ ಐದು ಗಂಟು ಇದ್ದವು. ತಲೆಯೆತ್ತಿ ನನ್ನನ್ನೊಮ್ಮೆ ನೋಡಿ, ಜೇಬಿನಿಂದ ಬ್ಲೇಡು ತೆಗೆದು ಕತ್ತರಿಸಿದ.